ಮೊದಲ ಸಾಲು ಎತ್ತಿಕೊಟ್ಟರೆ ಸಾಕು

ನನಗಾಗ ಹತ್ತು ವರ್ಷ. ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ನಾಟಕ ಆಡುವುದು ವಾಡಿಕೆ. ಆ ವರ್ಷ ದುರ್ಯೋಧನನ ಆಸ್ಥಾನದ ದೂತನ ಪಾತ್ರ ನನ್ನ ಪಾಲಿಗೆ ಬಂದಿತ್ತು. ಮಾತು ಇದ್ದದ್ದು ನಾಲ್ಕೇ ನಾಲ್ಕು. ಎರಡು ತಿಂಗಳು ಅದನ್ನೇ ದನ ಕಾಯುವಾಗ, ಸ್ನಾನ ಮಾಡುವಾಗ, ನಿದ್ದೆಯಲ್ಲಿ ಕೂಡ ಹೇಳಿಕೊಂಡಿದ್ದೆ.

ಗುಬ್ಬಿ ಸೀಮೆಯವರಿಗೆ ನಾಟಕದ ಹುಚ್ಚು ಹೊಸದೇನಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕಾಲಕ್ಕೆ ಅದು ನಾಡಿಗೆಲ್ಲ ಹೆಸರಾಯಿತು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬರುತ್ತಿದ್ದವು ಎಂದು ನಮ್ಮಜ್ಜ ಕಣ್ಣರಳಿಸಿ ಹೇಳುತ್ತಿದ್ದರು. ನಮ್ಮೂರ 'ಕುರುಕ್ಷೇತ್ರ'ದಲ್ಲಿ ಆನೆಯ ಮಾತು ಹಾಗಿರಲಿ, ದುರ್ಯೋಧನನ ಕಿರೀಟವೂ ಬಾಡಿಗೆಯದೇ.

ನನ್ನ ಸರದಿ ಬಂತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮುಂದಿನ ಸಾಲಿನಲ್ಲೇ ಅಮ್ಮ ಕೂತಿರುವುದು ಕಾಣಿಸಿತು. ಅಷ್ಟೇ, ಕಲಿತದ್ದೆಲ್ಲ ಹೋಯಿತು. ಬಾಯಿ ಒಣಗಿತು. ಜನ ಕೊಸರಾಡತೊಡಗಿದರು. ಆಗ ಪಕ್ಕದಲ್ಲಿ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರು ತಲೆಯನ್ನೂ ಎತ್ತದೆ, ಶ್ರುತಿ ಹಿಡಿದುಕೊಂಡೇ, ಮೆಲ್ಲಗೆ 'ಮಹಾಪ್ರಭು, ಹೊಳೆಯ ಆಚೆ...' ಎಂದರು. ಅಷ್ಟೇ ಸಾಕಾಯಿತು. ಉಳಿದದ್ದೆಲ್ಲ ತಾನಾಗಿ ಬಂತು. ಪಾಠದಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಿ ಹೇಳಿ ಚಪ್ಪಾಳೆ ಗಿಟ್ಟಿಸಿದೆ!

ಮೇಷ್ಟ್ರು ಅಂದು ಪೂರ್ತಿ ಮಾತನ್ನು ಹೇಳಿಕೊಟ್ಟಿದ್ದರೆ ನಾನು ಗಿಣಿಯ ಹಾಗೆ ಒಪ್ಪಿಸಿ ಬರುತ್ತಿದ್ದೆ. ಏನೂ ಹೇಳಿಕೊಡದಿದ್ದರೆ ಅತ್ತುಕೊಂಡು ಓಡುತ್ತಿದ್ದೆ. ಅವರು ಎತ್ತಿಕೊಟ್ಟದ್ದು ಮೊದಲ ಎರಡು ಮೂರು ಪದ ಮಾತ್ರ. ಇದರ ಬೆಲೆ ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಒಬ್ಬ ಹುಡುಗನಿಗೆ ಅನ್ಯಾಯವನ್ನೂ ಮಾಡಿದ್ದೆ.

ನಲವತ್ತೊಂದು ಪುಸ್ತಕ, ಒಂದೇ ಪ್ರಬಂಧ

ನಾನು ಕನ್ನಡ ಮೇಷ್ಟ್ರಾಗಿ ಕುಣಿಗಲ್ ತಾಲ್ಲೂಕಿನ ಒಂದು ಪ್ರೌಢಶಾಲೆ ಸೇರಿದ್ದೆ. ಒಂಬತ್ತನೇ ತರಗತಿಯಲ್ಲಿ ನಲವತ್ತೆರಡು ಮಕ್ಕಳು. 'ನಮ್ಮೂರ ಜಾತ್ರೆ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ತಿದ್ದಲು ಕೂತರೆ, ಮೊದಲನೆಯ ಪುಸ್ತಕದಲ್ಲಿ 'ಭಾರತವು ಹಳ್ಳಿಗಳ ದೇಶ' ಎಂದು ಶುರು. ಎರಡನೆಯದರಲ್ಲೂ ಅದೇ. ಹತ್ತನೆಯದರಲ್ಲೂ ಅದೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲವೂ ಅಳತೆ ಮಾಡಿ ಕತ್ತರಿಸಿದ ಹಾಗಿದ್ದವು. ಕೊನೆಗೆ 'ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕ'. ಎಡೆಯೂರಿನ ಜಾತ್ರೆಗೆ ಹೋಗಿ ಬಂದ ಮಕ್ಕಳು ಎಡೆಯೂರಿನ ಹೆಸರನ್ನೇ ಬರೆದಿರಲಿಲ್ಲ. ಗೈಡಿನಲ್ಲಿ ಎಡೆಯೂರು ಇರಲಿಲ್ಲವಲ್ಲ!

ಮಕ್ಕಳನ್ನು ದೂರಿ ಫಲವಿಲ್ಲ. ಗಾದೆ ವಿಸ್ತರಿಸಿ ಎಂದರೆ 'ಗಾದೆಗಳು ವೇದಗಳಿಗೆ ಸಮ; ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ಶುರುಮಾಡಬೇಕೆಂದು ನಾವೇ ಕಲಿಸಿದ್ದೇವೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಕ್ಕೂ ಅದೇ ಪೀಠಿಕೆ, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದಕ್ಕೂ ಅದೇ. ಓದುಗರಲ್ಲಿ ಎಷ್ಟೋ ಮಂದಿ ತಂದೆ ತಾಯಂದಿರು ಇದನ್ನು ಓದುತ್ತಾ ನಗುತ್ತಿರಬಹುದು. ನೀವೂ ಹಾಗೇ ಬರೆದವರು. ನಾನೂ ಹಾಗೇ ಬರೆದು ಪಾಸಾದವನು.

ನಲವತ್ತೆರಡರಲ್ಲಿ ಒಂದು ಪುಸ್ತಕ ಮಾತ್ರ ಬೇರೆಯಾಗಿತ್ತು. ಆ ಹುಡುಗನ ಅಪ್ಪ ಜಾತ್ರೆಗಳಲ್ಲಿ ಪುರಿ, ಖಾರ, ಬೆಂಡು, ಬತ್ತಾಸು ಮಾರುವವರು. 'ನಾನು ಎಲ್ಲಾ ಜಾತ್ರೆಗೂ ಹೋಗಿದ್ದೇನೆ. ಆದರೆ ತೇರನ್ನು ನೋಡಿಲ್ಲ' ಎಂದು ಬರೆದಿದ್ದ. ಅಂಗಡಿಯ ಹಲಗೆಯ ಹಿಂದೆ ಗೋಣಿಚೀಲದ ಮೇಲೆ ಕೂತರೆ ಕಾಣುವುದು ಜನರ ಕಾಲು ಮಾತ್ರವಂತೆ. ಹೊಸ ಚಪ್ಪಲಿಯವರು ನಿಲ್ಲುತ್ತಾರೆ, ಬರಿಗಾಲಿನವರು ಬೆಲೆ ಕೇಳಿ ಮುಂದೆ ಹೋಗುತ್ತಾರೆ, ತೇರು ಹೊರಟಾಗ ಎಲ್ಲ ಕಾಲುಗಳೂ ಒಂದೇ ಕಡೆಗೆ ತಿರುಗುತ್ತವೆ, ಆಗ ತೇರು ಎಲ್ಲಿದೆ ಎಂದು ತನಗೆ ಗೊತ್ತಾಗುತ್ತದೆ ಎಂದು ಬರೆದಿದ್ದ. ಅಲ್ಲಿಗೇ ಮುಗಿದಿತ್ತು. ಉಪಸಂಹಾರ ಇರಲಿಲ್ಲ.

ರಾತ್ರಿ ಹನ್ನೊಂದು ಗಂಟೆ. ಕರೆಂಟು ಹೋಗಿ ಲಾಟೀನು ಹಚ್ಚಿಕೊಂಡಿದ್ದೆ. ಇನ್ನೂ ಒಂದು ಕಟ್ಟು ಬಾಕಿಯಿತ್ತು. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ. ಪೀಠಿಕೆ ಇಲ್ಲ. ಜಾತ್ರೆಯ ವರ್ಣನೆ ಇಲ್ಲ' ಎಂದು ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಗೈಡಿನವರಿಗೆ ಏಳು.

ಮುಂದಿನ ಸಲ ಅವನ ಪ್ರಬಂಧ 'ಭಾರತವು ಕೃಷಿ ಪ್ರಧಾನ ದೇಶ' ಎಂದು ಶುರುವಾಯಿತು. ನಾನು ಏಳು ಕೊಟ್ಟೆ. ಅವನು ಪುಸ್ತಕ ತೆಗೆದುಕೊಂಡು ಹೋಗುವಾಗ ನನ್ನ ಮುಖ ನೋಡಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ನಮ್ಮೂರಿನ ಜಾತ್ರೆಗೆ ಹೋದಾಗ ತೇರು ಹೊರಟಿತು. ನನಗೆ ಅರಿವಿಲ್ಲದೆ ನಾನು ಜನರ ಕಾಲುಗಳನ್ನು ನೋಡಿದೆ. ಹುಡುಗ ಬರೆದದ್ದು ಅಕ್ಷರಶಃ ನಿಜ. ಎಲ್ಲ ಕಾಲುಗಳೂ ಒಂದೇ ಕಡೆಗೆ ತಿರುಗಿದ್ದವು. ಮೂವತ್ತು ವರ್ಷ ಜಾತ್ರೆ ನೋಡಿದ ನನಗೆ ಅದು ಕಂಡಿರಲಿಲ್ಲ. ಶಾಲೆ ತೆರೆದ ಮೇಲೆ ಅವನಿಗೆ ಹೇಳಬೇಕೆಂದುಕೊಂಡೆ. ಅವರ ಮನೆಯವರು ಊರು ಬಿಟ್ಟಿದ್ದರು. ಹುಡುಗ ಟಿ.ಸಿ. ತೆಗೆದುಕೊಂಡು ಹೋಗಿದ್ದ.

ಬೀಗ ಹಾಕಿದ ಬಾಗಿಲು

ಆಮೇಲೆ ನಾನು ವಿಷಯ ಕೊಡುವುದನ್ನು ನಿಲ್ಲಿಸಿ ಮೊದಲ ಸಾಲು ಕೊಡತೊಡಗಿದೆ. ಹಾರ್ಮೋನಿಯಂ ಮೇಷ್ಟ್ರ ನೆನಪಾದದ್ದು ಆಗಲೇ. ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ ಹಲಗೆಯ ಮೇಲೆ ಒಂದು ವಾಕ್ಯ ಬರೆದು 'ಇಲ್ಲಿಂದ ಮುಂದೆ ನೀವು' ಎನ್ನುತ್ತಿದ್ದೆ. ಹತ್ತು ನಿಮಿಷ ಬರೆಯಬೇಕು. ನಿಲ್ಲಿಸಬಾರದು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ.

ಮೊದಮೊದಲು ಪೂರ್ತಿ ಸೋತೆ. 'ಪ್ರಾಮಾಣಿಕತೆಯೇ ದೊಡ್ಡ ಗುಣ ಎಂದು ರಾಮುವಿಗೆ ಅಂದು ತಿಳಿಯಿತು' ಎಂದು ಬರೆದರೆ ಮಕ್ಕಳು ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ. ನೀತಿಯನ್ನು ನಾನೇ ಹೇಳಿಬಿಟ್ಟಿದ್ದೆ. 'ಆಹಾ, ಎಂಥ ಸುಂದರ ಮುಂಜಾವು!' ಎಂದು ಬರೆದರೆ ಮತ್ತೆ ಗೈಡಿನ ಹಕ್ಕಿಗಳೇ ಚಿಲಿಪಿಲಿಗುಟ್ಟಿದವು.

ಮೂರನೆಯ ಶನಿವಾರ ಹೊಳೆಯದೆ, 'ಸ್ಕೂಲಿಂದ ಬಂದಾಗ ಮನೆಗೆ ಬೀಗ ಹಾಕಿತ್ತು' ಎಂದು ಬರೆದೆ. ತರಗತಿ ನಿಶ್ಶಬ್ದವಾಯಿತು. ಪೆನ್ನು ಕಚ್ಚುವವರೇ ಇಲ್ಲ! ಒಬ್ಬಳ ಕತೆಯಲ್ಲಿ ಅಮ್ಮ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಇನ್ನೊಬ್ಬ ಹೆಂಚು ಸರಿಸಿ ಒಳಗಿಳಿದು ಅಟ್ಟದ ಮೇಲಿನ ಬೆಲ್ಲ ತಿಂದ. ಮತ್ತೊಬ್ಬ 'ನಮ್ಮ ಮನೆಗೆ ಬೀಗವೇ ಇಲ್ಲ, ಆದ್ದರಿಂದ ನನಗೆ ಭಯವಾಯಿತು' ಎಂದು ಬರೆದ. ಇದನ್ನು ಓದಿ ನನಗೂ ಭಯವಾಯಿತು, ಸಂತೋಷವೂ ಆಯಿತು.

ಅಂದಿನಿಂದ ಎಂಥ ಸಾಲು ಮೊಳೆಯುತ್ತದೆ, ಎಂಥದು ಮೊಳೆಯುವುದಿಲ್ಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳತೊಡಗಿದೆ. ಅದರಿಂದ ನಾನು ಕಂಡುಕೊಂಡದ್ದು ಇಷ್ಟು. ಒಂದು, ಸಾಲಿನಲ್ಲಿ ಏನೋ ಒಂದು ಎಂದಿನಂತೆ ಇರಬಾರದು. ಬಾಗಿಲಿಗೆ ಬೀಗ, ಬರಬೇಕಾದ ಬಸ್ಸು ಬಾರದಿರುವುದು, ಮೂರು ತಟ್ಟೆಯ ಬದಲು ನಾಲ್ಕು ತಟ್ಟೆ. ಎರಡು, ಅದು ಮಕ್ಕಳು ಕಂಡ ಜಗತ್ತಿನದಾಗಿರಬೇಕು. ಸಮುದ್ರ ಕಾಣದ ಕುಣಿಗಲ್ ಮಕ್ಕಳಿಗೆ ಹಡಗಿನ ಸಾಲು ಕೊಟ್ಟು ಸೋತಿದ್ದೆ; 'ಕೆರೆ ಕೋಡಿ ಬಿದ್ದ ರಾತ್ರಿ ಯಾರೋ ನಮ್ಮ ಬಾಗಿಲು ಬಡಿದರು' ಎಂದಾಗ ಗೆದ್ದೆ. ಕುಣಿಗಲ್ ಕೆರೆಯ ಮೇಲೆ ನಾಡೆಲ್ಲ ಹಾಡುವ ಜನಪದ ಗೀತೆ ಇದೆ. ಅದರ ನೀರು ಆ ಮಕ್ಕಳ ಕಣ್ಣಲ್ಲೇ ಇತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂ ನೆನೆದು 'ಬೇಲಿಯಾಚೆಯ ಬಿಳಿ ಕುದುರೆ ನನ್ನನ್ನೇ ನೋಡುತ್ತಿತ್ತು' ಎಂದದ್ದೂ ಚೆನ್ನಾಗಿ ಫಲಿಸಿತು. ಮೂರು, ಸಾಲು ಚಿಕ್ಕದಿರಬೇಕು. ನಾಲ್ಕು, ಕತೆ ಎಲ್ಲಿಗೆ ಹೋಗಬೇಕೆಂದು ಅದು ಹೇಳಬಾರದು.

ಬರೆದು ಮುಗಿಸಿದ ಮೇಲೆ ಕೊಟ್ಟ ಸಾಲನ್ನು ಹೊಡೆದುಹಾಕಬಹುದು ಎಂಬ ನಿಯಮವನ್ನೂ ಮಾಡಿದೆ. ಎಷ್ಟೋ ಸಲ ಕತೆ ಬೇರೆ ಕಡೆ ಹರಿದು, ನನ್ನ ಸಾಲಿನ ಹಂಗೇ ಇರುತ್ತಿರಲಿಲ್ಲ. ಕಮಾನು ಕಟ್ಟುವಾಗ ಕೆಳಗೆ ಕೊಟ್ಟ ಮರದ ಊರೆಯನ್ನು ಆಮೇಲೆ ತೆಗೆಯುತ್ತಾರಲ್ಲ, ಹಾಗೆ.

ಹೊಸದೇನಲ್ಲ

ಇದು ನನ್ನ ಸಂಶೋಧನೆ ಎಂದು ಕೆಲವು ಕಾಲ ಬೀಗಿದೆ. ಆಮೇಲೆ ನೋಡಿದರೆ ನಮ್ಮಲ್ಲಿ ಇದಕ್ಕೆ ಬೇರಾದಷ್ಟು ಹಿರಿಯರಿದ್ದಾರೆ. ಅವಧಾನಗಳಲ್ಲಿ ಸಮಸ್ಯಾಪೂರ್ತಿ ಎಂಬ ಭಾಗ ಇದೆ. ಪೃಚ್ಛಕರು ಪದ್ಯದ ಕೊನೆಯ ಪಾದವೊಂದನ್ನು ಕೊಡುತ್ತಾರೆ. ಅದು ಅಸಂಬದ್ಧವಾಗಿಯೋ ಅನುಚಿತವಾಗಿಯೋ ಕಾಣುತ್ತದೆ. ಉಳಿದ ಮೂರು ಪಾದಗಳನ್ನು ಛಂದಸ್ಸು ಕೆಡದಂತೆ ಕಟ್ಟಿ, ಆ ಕೊನೆಯ ಸಾಲಿಗೆ ಅರ್ಥ ಬರುವಂತೆ ಮಾಡುವುದು ಅವಧಾನಿಯ ಕೆಲಸ. ಶತಾವಧಾನಿ ಡಾ. ಆರ್. ಗಣೇಶ್ ಅವರು 2012ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದ್ದು ಅನೇಕರಿಗೆ ನೆನಪಿರಬಹುದು. ಅಲ್ಲಿ ಕೊಡುವುದು ಕೊನೆಯ ಸಾಲು, ನಾವು ಕೊಡುವುದು ಮೊದಲ ಸಾಲು. ಕಟ್ಟು ಹಾಕಿದರೇ ಬುದ್ಧಿ ಓಡುತ್ತದೆ ಎಂಬ ಗುಟ್ಟು ಮಾತ್ರ ಎರಡಕ್ಕೂ ಒಂದೇ.

ಮದುವೆ ಮನೆಯ ಸೋಬಾನೆಯಲ್ಲೂ ಅಷ್ಟೆ. ಒಬ್ಬರು ಸೊಲ್ಲು ಎತ್ತಿಕೊಡಬೇಕು. 'ನನಗೆಲ್ಲಿ ಬರುತ್ತೆ ಬಿಡಮ್ಮ' ಎಂದು ಮೂಲೆಯಲ್ಲಿ ಕೂತ ಅಜ್ಜಿ, ಸೊಲ್ಲು ಕಿವಿಗೆ ಬಿದ್ದರೆ ಬೆಳಗಿನವರೆಗೂ ಹಾಡುತ್ತಾಳೆ.

ಕಡಲಾಚೆಯ ಒಂದು ಸಂಗತಿ ನನ್ನಂಥ ಮೇಷ್ಟ್ರುಗಳಿಗೆ ತುಂಬ ಪ್ರಿಯವಾದದ್ದು. ಇಂಗ್ಲೆಂಡಿನ ಟೋಲ್ಕಿನ್ ಎಂಬ ಪ್ರಾಧ್ಯಾಪಕರು ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಬೇಸತ್ತಿದ್ದರಂತೆ. ಒಬ್ಬ ವಿದ್ಯಾರ್ಥಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದ. ಅದರ ಮೇಲೆ ಅವರು, ನೆಲದ ಬಿಲದಲ್ಲಿ ವಾಸಿಸುವ ಯಾವುದೋ ಒಂದು ಜೀವಿಯ ಬಗ್ಗೆ ಒಂದು ವಾಕ್ಯ ಗೀಚಿದರು. ಆ ಜೀವಿ ಎಂದರೇನೆಂದು ಅವರಿಗೇ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಹೊರಟು ಬರೆದ ಪುಸ್ತಕ 'ದಿ ಹಾಬಿಟ್' 1937ರಲ್ಲಿ ಪ್ರಕಟವಾಯಿತು. ಇಂದಿಗೂ ಲೋಕದ ಮಕ್ಕಳೆಲ್ಲ ಓದುತ್ತಾರೆ. ಉತ್ತರಪತ್ರಿಕೆಯ ಖಾಲಿ ಪುಟ ಕಂಡರೆ ಸೊನ್ನೆ ಸುತ್ತುವುದೊಂದೇ ಗೊತ್ತಿದ್ದ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಅಂದು ಅಪ್ಪ ಬೇಗ ಬಂದರು

ಕೆಲವು ವರ್ಷಗಳ ನಂತರ ನನಗೆ ತುಮಕೂರಿಗೆ ವರ್ಗವಾಯಿತು. ಒಂದು ಶನಿವಾರ ಎಂಟನೇ ತರಗತಿಗೆ 'ಅಂದು ಅಪ್ಪ ಬೇಗ ಮನೆಗೆ ಬಂದರು' ಎಂಬ ಸಾಲು ಕೊಟ್ಟೆ. ಬಹಳ ಮಕ್ಕಳು ಸಿಹಿ ತಿಂಡಿ, ಸಿನಿಮಾ, ಸಿದ್ಧಗಂಗೆಯ ಜಾತ್ರೆ ಎಂದೆಲ್ಲ ಬರೆದಿದ್ದರು. ಚೆನ್ನಾಗಿ ಬರೆದವರದನ್ನು ಗಟ್ಟಿಯಾಗಿ ಓದುವುದು ನನ್ನ ಪದ್ಧತಿ. ಹಿಂದಿನ ಬೆಂಚಿನ ಒಬ್ಬ ಹುಡುಗಿಯ ಪುಸ್ತಕ ತೆಗೆದು ಮೊದಲ ಎರಡು ಸಾಲು ಕಣ್ಣಾಡಿಸಿ, ಚೆನ್ನಾಗಿದೆ ಅನ್ನಿಸಿ, ಓದತೊಡಗಿದೆ.

'ಅಪ್ಪ ಬೇಗ ಬರಲಿಲ್ಲ. ಅಪ್ಪ ದಿನಾ ಸರಿಯಾದ ಹೊತ್ತಿಗೇ ಬರುತ್ತಾರೆ. ಕಾರ್ಖಾನೆ ಕೆಲಸ ಹೋಗಿ ಮೂರು ತಿಂಗಳಾದರೂ ಸರಿಯಾದ ಹೊತ್ತಿಗೇ ಬರುತ್ತಾರೆ. ಬೆಳಿಗ್ಗೆ ಅಮ್ಮ ಕ್ಯಾರಿಯರ್ ಕಟ್ಟಿಕೊಡುತ್ತಾಳೆ. ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಅಪ್ಪ...'

ಅಲ್ಲಿಗೆ ತಲೆಯೆತ್ತಿ ನೋಡಿದೆ. ಹುಡುಗಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. ತರಗತಿಯಲ್ಲಿ ಯಾರೂ ಉಸಿರಾಡಲಿಲ್ಲ. ನಾನು ಪುಸ್ತಕ ಮುಚ್ಚಿ, 'ಇದು ಕತೆ, ಚೆನ್ನಾಗಿ ಕಲ್ಪಿಸಿದ್ದಾಳೆ' ಎಂದೆ. ಯಾರೂ ನಂಬಲಿಲ್ಲವೆಂದು ನನಗೆ ಗೊತ್ತಾಯಿತು.

ಮುಂದಿನ ವಾರ ಅವಳ ತಂದೆ ಬಂದರು. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಅದೇ ಕ್ಯಾರಿಯರ್. ಬೈದರೆ ಬೈಸಿಕೊಳ್ಳೋಣ ಎಂದು ಎದ್ದು ನಿಂತೆ. ಅವರು ಪುಸ್ತಕ ಕೇಳಿದರು. ವರಾಂಡದ ಕಂಬಕ್ಕೆ ಒರಗಿ ಎರಡು ಸಲ ಓದಿದರು.

'ಅವಳಿಗೆ ಗೊತ್ತು ಅಂತ ನಂಗೆ ಗೊತ್ತಿರ್ಲಿಲ್ಲ ಸಾ' ಎಂದರು.

ನಾನು ತಪ್ಪಾಯಿತೆಂದೆ. ತರಗತಿಯಲ್ಲಿ ಓದಬಾರದಿತ್ತು ಎಂದೆ.

'ಓದ್ಬಾರ್ದಾಗಿತ್ತು' ಎಂದು ಅವರೂ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರಮ್ಮಂಗೆ ಇವತ್ತೇ ಹೇಳ್ಬುಡ್ತೀನಿ. ಇನ್ನೇನ್ ಮುಚ್ಚಿಡೋದು. ಆದ್ರೆ ಅವಳು ಬರಿಯೋದು ಬಿಡಿಸ್ಬ್ಯಾಡಿ ಸಾ' ಎಂದು ಹೊರಟರು.

ನಮ್ಮ ಜನಪದದಲ್ಲಿ ಒಂದು ಕತೆಯಿದೆ. ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿದ್ದಾರೆ. ಗಿರೀಶ ಕಾರ್ನಾಡರು 'ನಾಗಮಂಡಲ'ದಲ್ಲಿ ಬಳಸಿಕೊಂಡಿದ್ದಾರೆ. ಒಬ್ಬಾಕೆಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಅವಳ ಬಾಯಿಂದ ಹಾರಿ, ಜೋಡು ಮತ್ತು ಅಂಗಿಯಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು 'ಯಾರು ಬಂದಿದ್ದರು?' ಎಂದು ಜಗಳ ತೆಗೆದ. ಹೇಳದೆ ಉಳಿದ ಕತೆ ಮನೆ ಕೆಡಿಸುತ್ತದೆ ಎಂದು ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಆದರೆ ಯಾರ ಮುಂದೆ ಹೇಳಬೇಕು ಎಂಬುದು ಕತೆ ಇದ್ದವರಿಗೆ ಬಿಟ್ಟದ್ದು. ಅದನ್ನು ನಾನು ಆ ಹುಡುಗಿಯಿಂದ ಕಲಿತೆ. ಅಂದಿನಿಂದ ಪುಸ್ತಕದ ಮೂಲೆಯಲ್ಲಿ ಮಕ್ಕಳೇ 'ಓ' ಎಂದು ಬರೆದರೆ ಮಾತ್ರ ಗಟ್ಟಿಯಾಗಿ ಓದುತ್ತಿದ್ದೆ. ಇಲ್ಲದಿದ್ದರೆ ಇಲ್ಲ. ಆ ಹುಡುಗಿ ಎರಡು ತಿಂಗಳು ಏನೂ ಬರೆಯಲಿಲ್ಲ. ಆಮೇಲೆ ಬರೆದಳು. ಶಾಲೆ ಬಿಡುವವರೆಗೂ ಒಂದು ಸಲವೂ 'ಓ' ಹಾಕಲಿಲ್ಲ.

ಪರೀಕ್ಷೆಗೆ ಬರುತ್ತಾ ಸಾರ್?

ಪಾಲಕರ ಸಭೆಗಳಲ್ಲಿ ನನಗೆ ತಪ್ಪದೆ ಬರುತ್ತಿದ್ದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಮುಂದಿನ ದಾರಿ ನಿಂತಿರುವಾಗ ಮನೆಯವರು ಕೇಳದೆ ಇನ್ನೇನು ಮಾಡುತ್ತಾರೆ? ಪ್ರಬಂಧಕ್ಕೆ ಪೀಠಿಕೆ ಬೇಕು, ಪತ್ರಕ್ಕೆ ವಿಳಾಸ ಬೇಕು, ಅದನ್ನು ಕಲಿಸಲೇಬೇಕು, ಕಲಿಸಿದ್ದೇನೆ. ಆದರೆ ಒಂದು ಮಾತು. ಬಾಯಿಪಾಠದ ಮಗುವಿಗೆ ಗೊತ್ತಿಲ್ಲದ ವಿಷಯ ಬಂದರೆ ಕೈ ನಿಲ್ಲುತ್ತದೆ. ವಾರಕ್ಕೆ ಹತ್ತು ನಿಮಿಷ ತನ್ನದೇ ಮಾತು ಬರೆದು ರೂಢಿಯಾದ ಮಗು ಖಾಲಿ ಹಾಳೆಗೆ ಹೆದರುವುದಿಲ್ಲ. ಈಗಂತೂ ಮೊಬೈಲಿಗೆ ಹೇಳಿದರೆ ಅದೇ ಪ್ರಬಂಧ ಬರೆದುಕೊಡುವ ಕಾಲ. 'ಭಾರತವು ಹಳ್ಳಿಗಳ ದೇಶ' ಎಂಬುದನ್ನು ಅದು ನಮ್ಮ ಮಕ್ಕಳಿಗಿಂತ ಚೆನ್ನಾಗಿಯೇ ಬರೆಯುತ್ತದೆ. ಹಲಗೆಯ ಹಿಂದಿನಿಂದ ಕಾಣುವ ಕಾಲುಗಳು ಮಾತ್ರ ಅಲ್ಲಿ ಕೂತ ಮಗುವಿಗೇ ಗೊತ್ತು.

ಮನೆಯಲ್ಲೇ ಮಾಡಿ ನೋಡಿ. ಇದಕ್ಕೆ ಖರ್ಚಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಸಾಲು ಹೇಳಿ. 'ಗುಬ್ಬಿ ಸಂತೆಯಲ್ಲಿ ಕೊಂಡ ಚೀಲ ಮನೆಗೆ ಬಂದಾಗ ಅಲುಗಾಡಿತು.' 'ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕೊನೇ ಬಸ್ಸು ಹೊರಟುಹೋಗಿತ್ತು.' 'ಅಜ್ಜಿ ಆ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.' ಮಗು ಬರೆಯಲಿ. ಸಾಧ್ಯವಾದರೆ ನೀವೂ ಪಕ್ಕದಲ್ಲಿ ಕೂತು ಬರೆಯಿರಿ. ಅಮ್ಮನಿಗೂ ಬರೆಯುವಾಗ ತಡವರಿಸುತ್ತದೆ ಎಂದು ಕಂಡರೆ ಮಗುವಿಗೆ ಧೈರ್ಯ ಬರುತ್ತದೆ. ತಿದ್ದಬೇಡಿ. 'ಇದು ಹೀಗಾಗಿತ್ತಾ?' ಎಂದು ವಿಚಾರಣೆ ಮಾಡಬೇಡಿ. ನೆಂಟರ ಮುಂದೆ ಓದಿಸಬೇಡಿ. 'ಆಮೇಲೆ?' ಎಂದು ಕೇಳಿ, ಅಷ್ಟು ಸಾಕು.

ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಸಾಲು ಕೊಡುವವರಿಗಾಗಿ ಕಾಯಬೇಡಿ. ಬಸ್ಸಿನಲ್ಲಿ, ಅಂಗಡಿಯ ಮುಂದೆ ಕಿವಿಗೆ ಬಿದ್ದ ಅರ್ಧ ಮಾತನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬೇಕಾದಾಗ ಅದೇ ಮೊದಲ ಸಾಲು.

ಜಾತ್ರೆಯ ಹುಡುಗ ಈಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಐವತ್ತರ ಆಸುಪಾಸಿನ ಗೃಹಸ್ಥನಾಗಿರಬೇಕು. ಈ ಪುರವಣಿ ಅವನ ಕೈಗೆ ಸಿಕ್ಕಿದರೂ ಸಿಕ್ಕೀತು. ಸಿಕ್ಕಿದರೆ ಹೇಳುವುದು ಇಷ್ಟು: ಮಾರಾಯ, ಅದು ವಿಷಯಾಂತರ ಆಗಿರಲಿಲ್ಲ. ನನ್ನ ಮೇಷ್ಟ್ರಗಿರಿಯಲ್ಲಿ ನಾನು ಓದಿದ ಒಳ್ಳೆಯ ಪ್ರಬಂಧಗಳಲ್ಲಿ ಅದೂ ಒಂದು. 'ನಾನು ಎಲ್ಲಾ ಜಾತ್ರೆಗೂ ಹೋಗಿದ್ದೇನೆ. ಆದರೆ ತೇರನ್ನು ನೋಡಿಲ್ಲ.' ಅದರಿಂದ ಮುಂದೆ ನೀನು ಬರೆಯುವುದು ಇನ್ನೂ ಬಾಕಿಯಿದೆ.